ಟ್ರೇಲರಿನ ಹಿಂದಿನ ಗಾಳಿ

…ಆ ಓಟದ ದಿನ ಗಾಳಿ ಎಡಗಡೆಯಿಂದ ಬೀಸುತ್ತಿತ್ತು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಈಗ ಯಾರಾದರೂ ಆಣೆ ಮಾಡಿ ಹೇಳು ಎಂದರೆ ತಡವರಿಸುತ್ತೇನೆ. ಸಮುದ್ರ ಯಾವ ಕಡೆ ಇತ್ತು? ಎಡಕ್ಕೆ. ಹಾಗಾದರೆ ಗಾಳಿಯೂ ಎಡದಿಂದಲೇ ಬಂದಿರಬೇಕು. ಇದು ನೆನಪಲ್ಲ, ಬರಿ ತರ್ಕ. ಮೈಗೆ ಬಡಿದ ಗಾಳಿಯ ನೆನಪು ಬೇರೆ ಥರ ಇರಬೇಕಿತ್ತು. ಕಿವಿಯಲ್ಲಿ ಸದ್ದು, ಅಂಗಿ ಒಂದು ಪಕ್ಕೆಗೆ ಅಂಟಿಕೊಂಡದ್ದು, ಕಣ್ಣಂಚಿನಲ್ಲಿ ನೀರು. ಹುಡುಕಿದರೆ ಅವೂ ಸಿಗುತ್ತವೆ. ಆದರೆ ಅವು ಆ ದಿನದವೋ, ಆಮೇಲೆ ನಾನು ಕೊರ್ತಿಯ ಸೇತುವೆಯ ಮೇಲೆ ನಾನು ಕಲಿಸುವ ಮಕ್ಕಳ ಜೊತೆ ಉಂಡ ಗಾಳಿಯವೋ, ಹೇಳಲಾರೆ.

ಗೊತ್ತಿರುವುದು ಇಷ್ಟು. ನಾನು ಸೈಕಲ್ ರೇಸಿನವನು. ಹದಿನಾಲ್ಕು ವರ್ಷ ಓಡಿಸಿದೆ, ಹನ್ನೊಂದು ವರ್ಷದಿಂದ ಜಮಖಂಡಿಯ ಕ್ರೀಡಾ ಹಾಸ್ಟೆಲಿನಲ್ಲಿ ಓಡಿಸುವವರಿಗೆ ಕಲಿಸುತ್ತಿದ್ದೇನೆ. ಓಡಿಸುತ್ತಿದ್ದಾಗ ಒಂದು ಇಲಾಖೆಯ ತಂಡದಲ್ಲಿದ್ದೆ. ಸಂಬಳವಿತ್ತು, ಕಚೇರಿಯಲ್ಲಿ ಒಂದು ಕುರ್ಚಿಯೂ ಇತ್ತು. ಕುರ್ಚಿಯ ಮೇಲೆ ಕೂತದ್ದು ಕಡಿಮೆ, ಸೈಕಲ್ ಸೀಟಿನ ಮೇಲೆ ಕೂತದ್ದೇ ಹೆಚ್ಚು. ರಾಜ್ಯ ಮಟ್ಟದ ಪದಕಗಳಿವೆ, ದೇಶದ ಮಟ್ಟದವು ಎರಡಿವೆ. ನಾನು ಒಳ್ಳೆಯ ಸೈಕ್ಲಿಸ್ಟ್ ಆಗಿದ್ದೆ. ಸಂಕೋಚವಿಲ್ಲದೆ ಬರೆಯುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಇಷ್ಟು ಗಟ್ಟಿಯಾಗಿ ಹೇಳಬಲ್ಲ ಮಾತು ಹೆಚ್ಚು ಇರುವುದಿಲ್ಲ.

ಇನ್ನು ಆ ಓಟ. ದೂರದ ರಾಜ್ಯ, ಸಮುದ್ರದ ಪಕ್ಕ ಉಪ್ಪಿನ ಬಯಲು, ಅದರ ನಡುವೆ ನೇರ ರಸ್ತೆ. ಮೊದಲು ಬಂದ ಆರು ಜನರಿಗೆ ದೇಶದ ತಂಡದ ಶಿಬಿರ. ಕೊನೆಯ ಹದಿನೈದು ಕಿಲೋಮೀಟರ್ ಉಳಿದಿದ್ದಾಗ ಎಲ್ಲರಿಗಿಂತ ಮುಂದಿದ್ದ ಗುಂಪಿನಲ್ಲಿ ಒಂಬತ್ತು ಜನರಿದ್ದೆವು. ನನ್ನ ಹಿಂದೆ ನನ್ನ ಇಲಾಖೆಯವನೇ ಆದ ಬನಹಟ್ಟಿಯ ಗೆಳೆಯ. ಆಮೇಲೆ ನಾನು ಆ ಗುಂಪಿನಲ್ಲಿರಲಿಲ್ಲ. ಮುಂದಿನವನ ಗಾಲಿಗೂ ನನ್ನ ಗಾಲಿಗೂ ಒಂದು ಗೇಣು ಅಂತರವಿದ್ದದ್ದು ಒಂದು ಮಾರಾಯಿತು, ಮಾರು ಇದ್ದದ್ದು ಒಂದು ಹೊಲದ ಉದ್ದವಾಯಿತು. ಮತ್ತೆ ಕೂಡಲಿಲ್ಲ. ಶಿಬಿರಕ್ಕೆ ಹೋಗಲಿಲ್ಲ, ಅಷ್ಟು ಹತ್ತಿರಕ್ಕೆ ಮುಂದೆಂದೂ ಬರಲೂ ಇಲ್ಲ.

ಯಾಕೆ ಹಿಂದುಳಿದೆ ಎನ್ನುವುದಕ್ಕೆ ನನ್ನ ಬಳಿ ಒಂದು ಉತ್ತರವಿತ್ತು. ಕೋಚ್ ಆದದ್ದೂ, ಕಲಿಸಿದ್ದೂ, ಬೈದದ್ದೂ ಆ ಉತ್ತರದ ಮೇಲೆ ನಿಂತೇ.

ನಮ್ಮ ಕಡೆ ಸೈಕಲ್ ಓಡಿಸಲು ಕಲಿಸುವುದು ಕಬ್ಬಿನ ಟ್ರ್ಯಾಕ್ಟರ್. ಹಂಗಾಮು ಶುರುವಾದ ಮೇಲೆ ಮುಧೋಳದ ರಸ್ತೆ, ಲೋಕಾಪುರದ ರಸ್ತೆ, ಹಿಪ್ಪರಗಿ ಬ್ಯಾರೇಜಿನ ಕಡೆಯ ರಸ್ತೆ ಎಲ್ಲವೂ ಅವುಗಳದೇ. ಒಂದೊಂದಕ್ಕೆ ಎರಡೆರಡು ಟ್ರೇಲರ್. ತುಂಬಿದವು ಫ್ಯಾಕ್ಟರಿಗೆ ತೆವಳುತ್ತ ಹೋಗುತ್ತವೆ, ಖಾಲಿಯಾದವು ಹೊಲಕ್ಕೆ ಹಾರುತ್ತ ಬರುತ್ತವೆ. ಖಾಲಿ ಟ್ರೇಲರಿನ ಹಿಂದೆ ಎರಡು ಮೊಳ ಬಿಟ್ಟು ಸೈಕಲ್ ಹಿಡಿದರೆ ಅಲ್ಲಿ ಗಾಳಿಯೇ ಇಲ್ಲ. ಗಾಳಿಯಿಲ್ಲದ ಒಂದು ಕೋಣೆ ರಸ್ತೆಯ ಮೇಲೆ ಓಡುತ್ತಿರುತ್ತದೆ, ನಾವು ಅದರೊಳಗೆ ಕೂತಿರುತ್ತೇವೆ. ಒಬ್ಬರೇ ಎಷ್ಟು ತುಳಿದರೂ ಬಾರದ ವೇಗ ಅಲ್ಲಿ ತಾನಾಗಿ ಕಾಲಿಗೆ ಬರುತ್ತದೆ. ಕಬ್ಬಿನ ಒಣ ಎಲೆಯ, ರವದಿಯ, ಚೂರು ಮುಖಕ್ಕೆ ಹಾರುತ್ತದೆ, ಕೊಂಡಿಯ ಸರಪಳಿ ಝಣಗುಡುತ್ತದೆ, ಡ್ರೈವರ್ ಹಾಕಿದ ಹಾಡು ಎದೆಗೆ ಗುದ್ದುತ್ತದೆ. ಕಾಲು ಮಾತ್ರ ತಿರುಗುತ್ತಲೇ ಇರುತ್ತದೆ. ನನ್ನ ಕಾಲು ಹಾಗೆಯೇ ತಿರುಗಲು ಕಲಿತದ್ದು.

ಆ ಕೋಣೆಗೊಂದು ದೋಷವಿದೆ. ಅದು ಅಗಲವಾಗಿದೆ. ಟ್ರೇಲರಿನ ಹಿಂದೆ ಎಲ್ಲಿ ಕೂತರೂ ನಡೆಯುತ್ತದೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಬೇಕಾಗಿಲ್ಲ. ಹಾಗೆ ಕಲಿತವರು ರೇಸಿನಲ್ಲಿಯೂ ಮುಂದಿನ ಸೈಕಲ್ಲಿನ ಹಿಂದೆ ನೆಟ್ಟಗೆ, ಬಾಲ ಹಿಡಿದಂತೆ ಕೂರುತ್ತಾರೆ. ಎದುರುಗಾಳಿಗೆ ಅದು ಸರಿ. ಗಾಳಿ ಪಕ್ಕದಿಂದ ಬಂದರೆ ಮುಂದಿನವನ ಹಿಂದೆ ಆಸರೆ ಇರುವುದಿಲ್ಲ, ಓರೆಯಾಗಿ ಅವನ ಪಕ್ಕೆಯ ಬಳಿ ಇರುತ್ತದೆ. ಬೇರೆ ಸೀಮೆಯವರು ಬೀಸಣಿಗೆ ಬಿಚ್ಚಿದ ಹಾಗೆ ರಸ್ತೆಯ ಅಗಲಕ್ಕೆ ಹರಡಿಕೊಂಡು ಒಬ್ಬರ ಪಕ್ಕೆಗೆ ಒಬ್ಬರು ಅಡಗುತ್ತಾರೆ. ನಮ್ಮವರು ಗಾಳಿಗೆ ಮೈಯೊಡ್ಡಿ, ನೆಟ್ಟಗೆ, ಬಹಳ ನಿಷ್ಠೆಯಿಂದ ಕೂರುತ್ತಾರೆ. ಬೇರೆ ಜಿಲ್ಲೆಯ ಕೋಚುಗಳು ನಮ್ಮವರನ್ನು ಅಂಗಿಯ ಬಣ್ಣ ನೋಡದೆಯೇ ಗುರುತು ಹಿಡಿಯುತ್ತಿದ್ದರು.

ಉಪ್ಪಿನ ಬಯಲಿನಲ್ಲಿ ಪಕ್ಕದ ಗಾಳಿ ಎದ್ದಿತು, ಉಳಿದವರು ಓರೆಯಾದರು, ಟ್ರೇಲರಿನ ಹಿಂದೆ ಬೆಳೆದ ನಾನು ನೆಟ್ಟಗೆ ಕೂತೆ, ಸೋತೆ. ನನ್ನ ಉತ್ತರ ಇದು. ಕೋಚ್ ಆದ ಮೊದಲ ದಿನವೇ ಟ್ರ್ಯಾಕ್ಟರಿನ ಹಿಂದೆ ಓಡಿಸುವುದನ್ನು ನಿಷೇಧಿಸಿದೆ. ಪಾಲಕರಿಗೆ ಅಪಾಯದ ಕಾರಣ ಕೊಟ್ಟೆ. ಅಪಾಯ ಸುಳ್ಳಲ್ಲ, ಎಷ್ಟೋ ಟ್ರೇಲರುಗಳಿಗೆ ಹಿಂದಿನ ದೀಪವೂ ಇರುವುದಿಲ್ಲ. ಆದರೆ ಒಳಗಿನ ಕಾರಣ ಆ ಬಯಲು. ಅದರ ಬದಲು ಪ್ರತಿ ಭಾನುವಾರ ಬೀಳಗಿಯಾಚೆ ಕೊರ್ತಿಯ ಸೇತುವೆಗೆ ಕರೆದುಕೊಂಡು ಹೋದೆ. ಕೃಷ್ಣೆಯ ಹಿನ್ನೀರಿನ ಮೇಲೆ ಉದ್ದಕ್ಕೆ ಚಾಚಿದ ಸೇತುವೆ. ಅಲ್ಲಿ ಗಾಳಿಗೆ ಪಕ್ಕದಿಂದ ಬರುವುದು ಬಿಟ್ಟು ಬೇರೆ ದಾರಿಯೇ ಗೊತ್ತಿಲ್ಲ. ಮೋಟರ್ ಸೈಕಲ್ ಮೇಲಿಂದ "ಓರೆ ಆಗ್ರಿ, ಓರೆ ಆಗ್ರಿ" ಎಂದು ಕೂಗಿ ಕೂಗಿ ನನಗೆ ಓರೆ ಸರ್ ಎಂಬ ಹೆಸರೇ ಬಿತ್ತು. ಒಮ್ಮೆ ನಿಷೇಧ ಮುರಿದ ಇಬ್ಬರು ಹುಡುಗರನ್ನು ಹಾಸ್ಟೆಲಿನಿಂದಲೇ ಕಳಿಸಿಬಿಟ್ಟೆ. ಅವರಲ್ಲೊಬ್ಬ ಮತ್ತೆ ಸೈಕಲ್ ಹತ್ತಲಿಲ್ಲ. ಈಗ ಲೋಕಾಪುರದಲ್ಲಿ ಟಯರ್ ಅಂಗಡಿ ಇಟ್ಟಿದ್ದಾನೆ. ನನ್ನನ್ನು ನೋಡಿದರೆ ನಗುತ್ತಲೇ ಮಾತಾಡಿಸುತ್ತಾನೆ.

ಕಳೆದ ಹಂಗಾಮಿನಲ್ಲಿ ಅದೇ ನಿಷೇಧವನ್ನು ಹುನ್ನೂರಿನ ಹುಡುಗಿಯೊಬ್ಬಳು ಮುರಿದಳು.

ಅವಳಿಗೆ ಹದಿನೆಂಟು ತುಂಬುವುದರಲ್ಲಿತ್ತು, ಕಿರಿಯರ ವಿಭಾಗದಲ್ಲಿ ಕೊನೆಯ ವರ್ಷ. ರಾಜ್ಯ ತಂಡಕ್ಕೆ ಆಯ್ಕೆಯಾಗುವುದು ನಾಲ್ವರು. ಹಿಂದಿನ ವರ್ಷ ಅವಳು ಐದನೆಯವಳು. ಈ ಸಲವೂ ತಂಡಕ್ಕೆ ಬಾರದಿದ್ದರೆ ಹಾಸ್ಟೆಲಿನ ಜಾಗ ಬಿಡಬೇಕು. ಸೈಕಲ್ ಹಾಸ್ಟೆಲಿನದು, ಅದನ್ನೂ ಬಿಡಬೇಕು. ಆಯ್ಕೆಯ ಓಟಕ್ಕೆ ಮೂರು ವಾರ ಇತ್ತು. ಒಂದು ಬೆಳಿಗ್ಗೆ ಅಭ್ಯಾಸ ಮುಗಿಸಿ ಚೈನಿಗೆ ಎಣ್ಣೆ ಬಿಡುತ್ತ, ನನ್ನ ಮುಖ ನೋಡದೆ ಶುರು ಮಾಡಿದಳು.

"ಸರ್, ಓರೆ ಆಗೂದು ಬರ್ತೈತ್ರಿ. ನೆಟ್ಟನ ರೋಡಿಗೆ ಕಾಲು ಜೋರ ತಿರಗವಲ್ವು."

"ತಿರಗತಾವು. ಇನ್ನೂ ಮೂರು ವಾರ ಐತಿ."

"ಒಂದ ವಾರ ಟ್ರೇಲರ್ ಹಿಂದ ಹೊಡದ್ರ…"

"ಆ ಮಾತ ಬ್ಯಾಡ."

"ನೀವು ಅದರ ಹಿಂದನ ಕಲ್ತೀರಂತಲ್ರಿ."

"ಕಲ್ತೆ. ಅದಕ್ಕ ಸೋತೆ."

ಎಣ್ಣೆಯ ಡಬ್ಬಿ ಕೆಳಗಿಟ್ಟಳು. "ಸೋತಿದ್ದು ಒಂದ ರೇಸ್ ಅಲ್ರಿ ಸರ್. ಗೆದ್ದಿದ್ದು ಯಾತರ ಹಿಂದ ಕಲ್ತು?"

ನಾನು ಏನು ಹೇಳಿದೆನೋ ನೆನಪಿಲ್ಲ. ಬಹುಶಃ ಸೀಟಿ ಊದಿದೆ. ಉತ್ತರ ತಿಳಿಯದಾಗ ಸೀಟಿ ಊದುವುದು ಕೋಚುಗಳಿಗೆ ಇರುವ ದೊಡ್ಡ ಅನುಕೂಲ.

ನಾಲ್ಕು ದಿನದ ಮೇಲೆ ಹಿಪ್ಪರಗಿ ಕಡೆಯಿಂದ ಬರುತ್ತಿದ್ದೆ. ಎದುರಿಗೆ ಖಾಲಿ ಟ್ರೇಲರಿನ ಜೋಡಿ ಎಗರುತ್ತ ಬಂತು, ಅದರ ಹಿಂದೆ ನಮ್ಮ ಹಾಸ್ಟೆಲಿನ ಕೆಂಪು ಅಂಗಿ, ಅದೇ ಹುಡುಗಿ. ನನ್ನನ್ನು ದಾಟಿ ಹೋಯಿತು. ಗಾಡಿ ತಿರುಗಿಸಿ ಬೆನ್ನು ಹತ್ತಿದೆ. ಪಕ್ಕಕ್ಕೆ ಬಂದರೂ ಅವಳು ಕತ್ತು ಎತ್ತಲಿಲ್ಲ. ಬೈಯಬೇಕು ಎಂದು ಬಂದವನು ಮೊದಲು ಅವಳ ಕಾಲು ತಿರುಗುವುದನ್ನು ಎಣಿಸಿದೆ. ಆ ಅಭ್ಯಾಸ ಬಿಡುವುದಿಲ್ಲ. ಮೂರು ತಿಂಗಳಲ್ಲಿ ನನ್ನಿಂದ ಆಗದ್ದು ನಾಲ್ಕು ದಿನದಲ್ಲಿ ಆಗಿತ್ತು. ಅಥವಾ ನನಗೆ ಹಾಗೆ ಕಂಡಿತು.

ಡ್ರೈವರ್ ನನ್ನನ್ನು ನೋಡಿ ನಿಧಾನಕ್ಕೆ ಬದಿಗೆ ಹಾಕಿದ. ಹಾಡು ಮಾತ್ರ ನಿಲ್ಲಿಸಲಿಲ್ಲ.

"ನಮಸ್ಕಾರ್ರಿ ಓರೆ ಸರ್. ನಾ ಇಕಿ ಮಾಮಾ. ಅಕ್ಕನ ಮಗಳು ಇಕಿ."

"ನೀವು ಬ್ರೇಕ್ ಹಾಕಿದ್ರ ಇಕಿ ಗತಿ ಏನ್ರಿ?"

"ಬ್ರೇಕ್ ಹಾಕೂದ ಇಲ್ಲ ಬಿಡ್ರಿ. ಇದಕ್ಕ ಬ್ರೇಕ್ ಎಲ್ಲೈತಿ?" ಎಂದು ನಕ್ಕ. ನಾನು ನಗದ್ದನ್ನು ನೋಡಿ ಹಾಡಿನ ಸದ್ದು ಸ್ವಲ್ಪ ಇಳಿಸಿದ. "ಹಂಗಲ್ರಿ ಸರ್, ಹನ್ನೊಂದು ವರ್ಷ ಆತು ನೀವು ಹುಡುಗರಿಗೆ ಬರೇ ಗಾಳಿ ತಿನಸಾಕತ್ತೀರಿ. ಒಂದೀಟು ಜೋರೂ ತಿನಸ್ರಲ್ಲ."

ಹುಡುಗಿ ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದಳು. ಮುಖದ ತುಂಬ ರವದಿಯ ಪುಡಿ. "ಸರ್, ಬೈಯೂದಿದ್ರ ಹಾಸ್ಟೆಲಿನ್ಯಾಗ ಬೈರಿ. ಮಾಮಾಗ ಇನ್ನೊಂದು ಖೇಪು ಐತಿ."

ಅವಳನ್ನು ಕಳಿಸಬೇಕಿತ್ತು. ಆ ಇಬ್ಬರು ಹುಡುಗರಿಗೆ ಮಾಡಿದ್ದನ್ನೇ ಅವಳಿಗೂ ಮಾಡಬೇಕಿತ್ತು. ಮಾಡಿದರೆ ಆಯ್ಕೆಯ ಓಟವಿಲ್ಲ, ಮಾಡದಿದ್ದರೆ ನನ್ನ ನಿಯಮವಿಲ್ಲ. ಹಾಗೆ ನಡುವೆ ನಿಂತಾಗ ನನಗೆ ಹೊಳೆದದ್ದು ಸಾಕ್ಷಿ ಕರೆಸುವ ಉಪಾಯ. ಬನಹಟ್ಟಿಯ ಗೆಳೆಯನನ್ನು ಹಾಸ್ಟೆಲಿಗೆ ಕರೆತಂದು, ಆ ದಿನದ ಗಾಳಿ ಹೇಗಿತ್ತು, ನಾನು ಹೇಗೆ ನೆಟ್ಟಗೆ ಕೂತು ಕೆಟ್ಟೆ ಎಂದು ಅವನ ಬಾಯಿಂದಲೇ ಹೇಳಿಸಿದರೆ ಅವಳು ಒಪ್ಪುತ್ತಾಳೆ. ನಮ್ಮ ಕಡೆಯವರಲ್ಲಿ ಆ ಗಾಳಿಯನ್ನು ಕಂಡವರು ನಾವಿಬ್ಬರೇ ಅಲ್ಲವೇ. ಅವನನ್ನು ಕರೆಯಲು ಬನಹಟ್ಟಿಗೆ ಹೋದೆ.

ಅವನದು ನೇಕಾರರ ಮನೆತನ. ಅಣ್ಣ ಪವರ್‌ಲೂಮ್ ನಡೆಸುತ್ತಾನೆ, ಗೆಳೆಯನಿಗೆ ಸರಕಾರಿ ಕಚೇರಿಯಲ್ಲಿ ಕೆಲಸ. ಮಗ್ಗಗಳ ಸದ್ದಿನ ಓಣಿಯಲ್ಲಿ ಹುಟ್ಟಿದವನಾದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಾನೆ. ಅವನ ಹೆಂಡತಿ, ನಮ್ಮ ವೈನಿ, ಚೂಡಾ ಮತ್ತು ಚಾ ತಂದಿಟ್ಟು ಬಾಗಿಲ ಬಳಿ ನಿಂತರು. ನಾನು ಬಂದ ಕೆಲಸ ಹೇಳಿದೆ.

"ಗಾಳಿ? ಯಾವ ಗಾಳಿ?" ಎಂದ ಗೆಳೆಯ.

"ಉಪ್ಪಿನ ಬಯಲಾಗಿಂದು."

"ಅಲ್ಲಿ ಗಾಳಿ ಎಲ್ಲಿತ್ತಲೇ? ಒಂದ ಎಲಿ ಅಳ್ಳಾಡತಿದ್ದಿಲ್ಲ. ಬೆಂಕಿಯಂಥ ಬಿಸಲು."

"ಸಮುದ್ರದ ಬಾಜೂಕ ಇದ್ವಿ ಮಗನ."

"ಸಮುದ್ರ ಇದ್ದಲ್ಲಿ ಗಾಳಿ ಇರಾಕಬೇಕಂತ ಕಾಯ್ದೆ ಐತೇನು? ನಮ್ಮ ಆಫೀಸಿಗಂತೂ ಅಂಥಾ ಆರ್ಡರ್ ಬಂದಿಲ್ಲ."

ವೈನಿ ನಕ್ಕರು. ನನಗೆ ನಗು ಬರಲಿಲ್ಲ. "ಮತ್ತ ನಾ ಯಾಕ ಬಿಟ್ಟೆ?"

ಅವನು ಬಸಿಯಲ್ಲಿ ಚಾ ಸುರಿದು ಒಂದು ಗುಟುಕು ಎಳೆದ. ಆಮೇಲೆ, ಅವನ ಬಾಯಲ್ಲಿ ನಾನು ಎಂದೂ ಕೇಳಿರದಷ್ಟು ಮೆಲ್ಲಗೆ, "ನೀ ಹೊಳ್ಳಿ ನೋಡಿದಿ," ಎಂದ.

"ಯಾರನ್ನ?"

"ನನ್ನ. ನಾ ಹಿಂದ ಬಿದ್ದಿದ್ದೆ. ಒಂದ ಸಲ ಅಲ್ಲ, ಮೂರು ಸಲ ಹೊಳ್ಳಿ ನೋಡಿದಿ. ಮೂರನೇ ಸಲ ನೋಡೂದ್ರಾಗ ಮುಂದಿನವರು ಹ್ವಾದ್ರು."

"ನಿನ್ನ ಸಲುವಾಗಿ ಕಾದ್ನೇನು?"

"ಅದು ನನಗ ಹೆಂಗ ಗೊತ್ತ? ನೀ ಕಾದಿ ಅಂತನ ನಾ ತಿಳಕೊಂಡೇನಿ. ಅದಕ್ಕ ಅಲ್ಲೇನು ಪ್ರತಿ ಹೋಳಿ ಹುಣ್ಣಿಮಿಗೆ ನಿಮ್ಮ ಮನಿಗೆ ಹೋಳಿಗಿ ಡಬ್ಬಿ ಬರೂದು?"

ಡಬ್ಬಿ ಬರುತ್ತಿದ್ದದ್ದು ನಿಜ. ಸ್ನೇಹಕ್ಕೆ ಎಂದುಕೊಂಡು ತಿನ್ನುತ್ತಿದ್ದೆ. ಅದು ಒಂದು ಉಪಕಾರಕ್ಕೆ ಪ್ರತಿಯಾಗಿ ಬರುತ್ತಿತ್ತು ಎಂದು, ಆ ಉಪಕಾರ ಮಾಡಿದವನು ನಾನೆಂದು, ನನಗೆ ಗೊತ್ತೇ ಇರಲಿಲ್ಲ.

"ಹೋಳಿಗಿ ಮಾಡಾಕಿ ನಾನು, ಕಾರಣ ಮಾತ್ರ ಇವರದು," ಎಂದು ವೈನಿ ಒಳಗೆ ಹೋಗಿ ಒಂದು ಹಳೆಯ ಫೋಟೊ ತಂದರು. ಯಾರೋ ಆ ದಿನ ರಸ್ತೆಯ ಬದಿಯಿಂದ ತೆಗೆದದ್ದು. ನಾನಿದ್ದೇನೆ, ಮುಖ ಅರ್ಧ ತಿರುಗಿದೆ. ಹಿಂದೆ ನೋಡುತ್ತಿದ್ದೇನೋ, ಬೆವರು ಒರೆಸಿಕೊಳ್ಳುತ್ತಿದ್ದೇನೋ. ನನ್ನ ಪಕ್ಕ ಒಂದು ಕಂಬ, ಕಂಬಕ್ಕೊಂದು ಬಾವುಟ.

"ನೋಡು, ಬಾವುಟ ಇಳಿಬಿದ್ದೈತಿ. ಗಾಳಿ ಇಲ್ಲ," ಎಂದ ಗೆಳೆಯ.

"ಇಳಿಬಿದ್ದಿಲ್ಲ, ಕಂಬಕ್ಕ ಸುತ್ತಕೊಂಡೈತಿ. ಗಾಳಿಗೇ ಸುತ್ತಕೊಂಡೈತಿ," ಎಂದೆ.

ವೈನಿ ಬಗ್ಗಿ ನೋಡಿದರು. "ಕಟ್ಟಿದಾಂವ ಬಿಚ್ಚೂದು ಮರ್ತಾನ, ಅಷ್ಟ ಅನಸ್ತೈತ್ರಿ ನನಗ."

ವಾಪಸ್ ಬರುವಾಗ ರಸ್ತೆಯುದ್ದಕ್ಕೂ ಆ ಒಂದು ನಿಮಿಷವನ್ನು ಕಟ್ಟಿ ನೋಡಿದೆ. ಗಾಳಿಯಿದೆ, ನಾನು ನೆಟ್ಟಗಿದ್ದೇನೆ, ಹಿಂದುಳಿಯುತ್ತೇನೆ. ಇದು ಬರುತ್ತದೆ, ಸ್ಪಷ್ಟವಾಗಿ ಬರುತ್ತದೆ. ಗಾಳಿಯಿಲ್ಲ, ಗೆಳೆಯನ ಉಸಿರು ಹಿಂದೆ ಕೇಳಿಸುವುದು ನಿಂತಿದೆ, ತಿರುಗಿ ನೋಡುತ್ತೇನೆ. ಇದು ಕೂಡ ಬಂತು, ಅಷ್ಟೇ ಸ್ಪಷ್ಟವಾಗಿ. ಅವನು ಹೇಳಿ ಇನ್ನೂ ಒಂದು ತಾಸು ಆಗಿರಲಿಲ್ಲ, ಆಗಲೇ ಅವನ ಉಸಿರಿನ ಸದ್ದಿನ ಸಮೇತ ಬಂತು. ಮೂರನೆಯದನ್ನು ಯಾರೂ ಹೇಳಿರಲಿಲ್ಲ, ಅದೂ ಬಂತು: ಗಾಳಿಯೂ ಇಲ್ಲ, ಗೆಳೆಯನ ಚಿಂತೆಯೂ ಇಲ್ಲ, ನನ್ನ ಕಾಲು ಖಾಲಿಯಾಗಿದೆ, ತಿರುಗಿ ನೋಡಿದರೆ ನಿಧಾನವಾಗಲು ಒಂದು ನೆಪ ಸಿಗುತ್ತದೆ. ಮೂರಕ್ಕೂ ಬಿಸಿಲು ಒಂದೇ, ರಸ್ತೆ ಒಂದೇ. ಸುಳ್ಳು ನೆನಪಿಗೆ ಬೇರೆ ಬಣ್ಣ ಇರುತ್ತದೆ ಎಂದುಕೊಂಡಿದ್ದೆ. ಇರುವುದಿಲ್ಲ.

ಆ ಸಂಜೆ ಲೋಕಾಪುರದ ಟಯರ್ ಅಂಗಡಿಯವನ ನಗು ನೆನಪಾಯಿತು. ಅದು ನನ್ನನ್ನು ಚುಚ್ಚಿತು ಎಂದು ಬರೆದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಚುಚ್ಚಿತು, ಆದರೆ ಹೆಚ್ಚು ಹೊತ್ತು ಅಲ್ಲ. ಹುಡುಗಿಯ ಓಟಕ್ಕೆ ಎರಡು ವಾರ ಉಳಿದಿತ್ತು. ಹನ್ನೊಂದು ವರ್ಷ ಸೇತುವೆಯ ಮೇಲೆ ಕಲಿಸಿದ್ದು, ಕಾರಣ ತಪ್ಪಿದ್ದರೂ, ಕೆಲಸಕ್ಕೆ ಬಂದಿದೆ. ಅದು ನನ್ನ ಕಣ್ಣಾರೆ ಕಂಡದ್ದು. ಪಕ್ಕದ ಗಾಳಿಗೆ ಈಗ ನಮ್ಮವರು ಕಳಚಿ ಬೀಳುವುದಿಲ್ಲ. ಹಾಗೆಯೇ ಅವಳ ಕಾಲು ಟ್ರೇಲರ್ ಹಿಂದೆ ತಿರುಗಿದ್ದೂ ಕಣ್ಣಾರೆ ಕಂಡದ್ದು. ನನ್ನ ಸೋಲಿಗೆ ಕಾರಣ ಯಾವುದಾದರೂ ಆಗಿರಲಿ, ಎರಡನ್ನೂ ಕೂಡಿಸುವುದು ನನ್ನ ಕೈಯಲ್ಲಿತ್ತು. ಕೋಚ್ ಆಗಿ ನಾನು ಮಾಡಿದ ತೀರ್ಮಾನಗಳಲ್ಲಿ ಇಷ್ಟು ಬೇಗ ಮಾಡಿದ್ದು ಬೇರೆ ಇಲ್ಲ.

ಮರುದಿನ ಮಾಮಾನನ್ನು ಕರೆಸಿದೆ. ಅವನು ಬೈಗುಳಕ್ಕೆ ತಯಾರಾಗಿ ಬಂದಿದ್ದ. ನಿಯಮ ಹೇಳಿದೆ: ಅಡ್ಡರಸ್ತೆಗಳಿಲ್ಲದ ಒಂದೇ ತುಂಡು, ಬೆಳಕು ಪೂರ್ತಿ ಬಂದ ಮೇಲೆ, ಹಾಡು ಬಂದ್. ನಿಧಾನ ಮಾಡುವ ಮೊದಲು ಎರಡು ಸಲ ಹಾರ್ನ್. ಬ್ರೇಕ್ ರಿಪೇರಿ ಮಾಡಿಸಿ ನನಗೆ ತೋರಿಸಬೇಕು. ನಾನು ಮೋಟರ್ ಸೈಕಲ್ ಮೇಲೆ ಮುಂದೆ ದಾರಿ ನೋಡಿಕೊಂಡು ಹೋಗುತ್ತೇನೆ.

"ಹಾಡೂ ಬ್ಯಾಡೇನ್ರಿ?" ಎಂದು ಅವನು ಅದೊಂದಕ್ಕೆ ಮಾತ್ರ ಸಂಕಟಪಟ್ಟ.

ಹುಡುಗಿಗೆ ಬೇರೆ ನಿಯಮ. ಟ್ರೇಲರಿನ ಹಿಂದೆ ನಟ್ಟನಡುವೆ ಸೈಕಲ್ ಹಿಡಿಯುವಂತಿಲ್ಲ. ಮೂಲೆಯಲ್ಲಿ ಕೂರಬೇಕು, ಒಂದು ದಿನ ಎಡ ಮೂಲೆ, ಒಂದು ದಿನ ಬಲ ಮೂಲೆ. ಒಂದು ಭುಜ ಆಸರೆಯಲ್ಲಿ, ಒಂದು ಭುಜ ಗಾಳಿಯಲ್ಲಿ. ವೇಗವೂ ಕಾಲಿಗೆ ಬರಬೇಕು, ಗಾಳಿ ಎಲ್ಲಿಂದ ಬರುತ್ತಿದೆ ಎನ್ನುವುದೂ ಭುಜಕ್ಕೆ ತಿಳಿಯುತ್ತಿರಬೇಕು.

"ಇದೇನ್ರಿ ಸರ್," ಎಂದಳು ಮೊದಲ ದಿನ, ಉಸಿರು ತಿರುಗಿದ ಮೇಲೆ. "ಒಳಗೂ ಇಲ್ಲ ಹೊರಗೂ ಇಲ್ಲ, ಸಿಟ್ಟಾಗಿ ಬಾಗಲದಾಗ ನಿಂತ ಬೀಗತಿಯಂಗ."

"ಹಂಗ ನಿಲ್ಲು. ಬೀಗತಿಗೆ ಎಲ್ಲಾ ಕಾಣಸ್ತೈತಿ."

ಅವಳಿಗೆ ಒಂದು ಮಾತು ಹೇಳಬೇಕಿತ್ತು, ಹೇಳಿದೆ. "ನಾ ಟ್ರೇಲರ್ ಸಲುವಾಗಿ ಸೋತೆ ಅಂತ ಹೇಳಿದ್ನೆಲಾ, ಅದು ಖರೆ ಹೌದೋ ಅಲ್ಲೋ ನನಗ ಗೊತ್ತಿಲ್ಲ."

ಅವಳು ನೀರಿನ ಬಾಟಲಿ ಬಾಯಿಂದ ತೆಗೆದಳು. "ಹಂಗಾರ ಇಷ್ಟು ದಿನ ಗೊತ್ತಿದ್ದವರಂಗ ಒದರತಿದ್ರಲ್ರಿ?"

"ಒದರೂದು ನನ್ನ ಕೆಲಸ ಬೇ. ಹೂಂ, ಸೈಕಲ್ ಹತ್ತು."

ಆಯ್ಕೆಯ ಓಟ ಬೀಳಗಿಯಿಂದ ಕೊರ್ತಿಯ ಸೇತುವೆ ದಾಟಿ, ಆಚೆ ತಿರುಗಿ, ವಾಪಸ್ ಬೀಳಗಿಗೆ. ಕೋಚುಗಳು ಹಿಂಬಾಲಿಸುವಂತಿರಲಿಲ್ಲ, ಹಾಗಾಗಿ ನಾನು ಸೇತುವೆಯ ಬೀಳಗಿ ಕಡೆಯ ತುದಿಯಲ್ಲಿ ನಿಂತೆ. ಬೆಳಗಿನ ಗಾಳಿ ಹಿನ್ನೀರಿನ ಮೇಲಿಂದ ಪಕ್ಕಕ್ಕೆ ಬಡಿಯುತ್ತಿತ್ತು. ಇದನ್ನು ನಾನು ಅದೇ ದಿನ ಮಧ್ಯಾಹ್ನ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಮತ್ತೊಂದು ಉಪ್ಪಿನ ಬಯಲು ಹುಟ್ಟಬಾರದೆಂದು. ಗಾಳಿ ಇತ್ತು. ನನ್ನ ಟೊಪ್ಪಿಗೆ ಹಾರಿ ನೀರಿಗೆ ಬಿತ್ತು. ಪಕ್ಕದಲ್ಲಿ ನಿಂತಿದ್ದ ಪೊಲೀಸಿನವರು ಅದನ್ನು ನೋಡಿದ್ದಾರೆ.

ಹೋಗುವಾಗ ದೊಡ್ಡ ಗುಂಪು. ಬರುವಾಗ ಮುಂದೆ ಉಳಿದವರು ಏಳು ಹುಡುಗಿಯರು. ನಮ್ಮವಳು ಅವರಲ್ಲಿದ್ದಳು; ಮುಂದಿನವಳ ಹಿಂದೆ ಅಲ್ಲ, ಓರೆಯಾಗಿ ಅವಳ ಪಕ್ಕೆಗೆ, ನಾನು ಹೇಳಿದಷ್ಟೇ ಅಂತರಕ್ಕೆ. ಬಾಯಿ ತೆರೆದಿತ್ತು, ಕಣ್ಣು ಎಲ್ಲೂ ಇರಲಿಲ್ಲ. ಅವರ ಹಿಂದೆ ಇಬ್ಬರು, ನೆಟ್ಟಗೆ ಕೂತವರು, ನನ್ನ ಕಣ್ಣೆದುರಿಗೇ ಗೇಣು, ಮಾರು, ಹೊಲದ ಉದ್ದ ಎಂದು ಕಳಚಿಕೊಂಡರು. ಅವರ ಕೋಚ್ ಯಾರೋ, ಅವರಿಗೂ ಒಂದು ಕಾರಣ ಬೇಕಾಗುತ್ತದೆ ಎಂದುಕೊಂಡೆ. ಸೇತುವೆ ಮುಗಿದಲ್ಲಿ ಮುಂದಿದ್ದ ಏಳು ಹುಡುಗಿಯರಲ್ಲಿ ಇಬ್ಬರು ಸೀಟಿನಿಂದ ಎದ್ದು ಮುಂದೆ ಹಾರಿದರು. ನಮ್ಮವಳು ಅವರನ್ನು ಹಿಡಿಯಲು ಎದ್ದಳು. ಆಮೇಲೆ ರಸ್ತೆಯ ತಿರುವು. ನನಗೆ ಕಂಡದ್ದು ಅಲ್ಲಿಗೆ ಮುಗಿಯಿತು.

ಬೀಳಗಿ ಮುಟ್ಟಿದಾಗ ಓಟ ಮುಗಿದಿತ್ತು. ಮಾಮಾ ಎರಡೂ ಖಾಲಿ ಟ್ರೇಲರುಗಳ ಸಮೇತ ಬಂದು ನಿಂತು, ಕಂಡವರಿಗೆಲ್ಲ "ನನ್ನ ಹಿಂದನ ಕಲ್ತಾಕಿ" ಎನ್ನುತ್ತಿದ್ದ. ಅವಳು ಮೂರನೆಯವಳಾಗಿ ಬಂದಿದ್ದಳು. ನಾಲ್ವರ ತಂಡದಲ್ಲಿ ಮೂರನೆಯವಳು. ರಸ್ತೆಯ ಬದಿಗೆ ಕೂತು ಬೆಲ್ಲ ಶೇಂಗಾ ತಿನ್ನುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಅತ್ತಳು, ನಕ್ಕಳು, ಮತ್ತೆ ಕೂತಳು.

ಅವಳ ಪಕ್ಕ ಕೂತು ಕೇಳಿದೆ. "ಸೇತುವಿ ಮ್ಯಾಲ ಛಲೋ ಓರೆ ಆದಿ. ಗಾಳಿ ಯಾವಾಗ ಗೊತ್ತಾತು?"

"ಗಾಳಿ?" ಎಂದಳು. "ಗಾಳಿ ಇತ್ತೇನ್ರಿ? ನನಗೇನೂ ಗೊತ್ತಾಗಲಿಲ್ಲ ನೋಡ್ರಿ. ಮುಂದಿನಾಕಿ ಒಂದೇ ಸವನ ಉಗಳತಿದ್ಲ್ರಿ. ಮಾರಿಗೆ ಬೀಳತೈತಿ ಅಂತ ಬಾಜೂಕ ಸರದ್ನಿ."

ಮಾಮಾ ಟ್ರ್ಯಾಕ್ಟರ್ ಮೇಲೆ ಕೂತು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ನಗುತ್ತಿರುವಾಗಲೇ ಬೇರೆ ಒಂದು ಯೋಚನೆ ಬಂತು. ನನ್ನ ಟೊಪ್ಪಿಗೆ ಹಾರಿಸಿದ ಗಾಳಿ, ಅದರೊಳಗೇ ಹಾದುಹೋದ ಹುಡುಗಿಗೆ ಗೊತ್ತಾಗಿಲ್ಲ. ಹಾಗಾದರೆ ಆ ಬಿಸಿಲಿನಲ್ಲಿ, ಹಿಂದೆ ಬೀಳುತ್ತಿದ್ದ ನನ್ನ ಗೆಳೆಯನಿಗೂ ಗೊತ್ತಾಗದೆ ಇದ್ದಿರಬಹುದು. ಅಥವಾ ಎರಡು ವಾರದ ಮೂಲೆಯ ಅಭ್ಯಾಸ ಅವಳ ಭುಜವನ್ನು ಅವಳಿಗೆ ಹೇಳದೆಯೇ ಓರೆ ಮಾಡಿರಬಹುದು, ಉಗುಳಿನ ಕಾರಣ ಆಮೇಲೆ ಹುಟ್ಟಿರಬಹುದು. ಅಥವಾ ಉಗುಳೇ ಕಾರಣವಾಗಿರಬಹುದು. ತಿರುವಿನ ಆಚೆ ಅವಳು ಆ ಇಬ್ಬರಲ್ಲಿ ಒಬ್ಬಳನ್ನಾದರೂ ಹಿಡಿದಳೋ, ಎರಡು ಸಲ ಕೇಳಿದ್ದೇನೆ. ಎರಡು ಸಲ ಎರಡು ಥರ ಹೇಳಿದ್ದಾಳೆ. ಸುಳ್ಳು ಹೇಳುವವಳಲ್ಲ.

ಈಗ ನಮ್ಮಲ್ಲಿ ಗುರುವಾರ ಮೂಲೆಯ ಅಭ್ಯಾಸ, ಭಾನುವಾರ ಸೇತುವೆ. ಅವಳು ರಾಜ್ಯದ ಶಿಬಿರದಲ್ಲಿದ್ದಾಳೆ. ಸೈಕಲ್ ಅವಳ ಬಳಿಯೇ ಇದೆ. ಲೋಕಾಪುರದ ಟಯರ್ ಅಂಗಡಿಗೆ ಹೋಗಿ, "ನಿನ್ನ ಕಳಿಸಿದ್ದು ತಪ್ಪಾಗಿರಬಹುದು," ಎಂದೆ. ಆಗಿರಬಹುದು ಎಂದೇ ಹೇಳಿದೆ, ಅದಕ್ಕಿಂತ ಹೆಚ್ಚು ನನಗೆ ತಿಳಿದಿಲ್ಲ. ಅವನು ನನ್ನ ಮೋಟರ್ ಸೈಕಲ್ಲಿನ ಗಾಲಿ ನೋಡುತ್ತ, "ಇರ್ಲಿ ಬಿಡ್ರಿ ಸರ್, ಹಿಂದಿಂದು ಟಯರ್ ಸವದೈತಿ," ಎಂದ. ಈ ಸಲ ನಗಲಿಲ್ಲ. ಆದರೆ ಮುಂದಿನ ಗುರುವಾರ ಹಿಪ್ಪರಗಿ ರಸ್ತೆಗೆ ಬಂದು ಒಂದು ಕಡೆ ನಿಂತು ನೋಡಿದ. ಹೋಗುವಾಗ, "ಎಡ ಮೂಲ್ಯಾಗ ಕೂತಾಂವ ಹೆದರ್ಯಾನ್ರಿ, ಭುಜ ಬಿಗಿ ಹಿಡದಾನ," ಎಂದು ಹೇಳಿ ಹೋದ. ಸರಿಯಾಗಿಯೇ ಹೇಳಿದ್ದ.

ಈ ಹೋಳಿ ಹುಣ್ಣಿಮೆಗೂ ಬನಹಟ್ಟಿಯಿಂದ ಡಬ್ಬಿ ಬಂತು. ತಿಂದೆ. ಅದನ್ನು ತಿನ್ನುವಂಥದ್ದೇನಾದರೂ ನಾನು ಮಾಡಿದ್ದೇನೆಯೇ, ಆ ದಿನ ಗೆಳೆಯನಿಗಾಗಿ ತಿರುಗಿ ನೋಡಿದೆನೋ, ಕಾಲು ಸೋತು ತಿರುಗಿ ನೋಡಿದೆನೋ, ಉಪ್ಪಿನ ಬಯಲಿನಲ್ಲಿ ಗಾಳಿ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.